ಮೂರನೆಯ ಮಾಫಿ

ಆ ವಾಕ್ಯದಲ್ಲಿ ಇದ್ದದ್ದು ಹದಿನೆಂಟು ಪದಗಳು. ಇಂಗ್ಲಿಷಿನಲ್ಲಿ ಹದಿನೆಂಟು. ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡರೆ ಹದಿಮೂರಕ್ಕೆ ಇಳಿಯುತ್ತಿತ್ತು. ಕೊಂಕಣಿಗೆ ತರುವ ಧೈರ್ಯ ಜೋಸ್ಟನ್‌ಗೆ ಇನ್ನೂ ಬಂದಿರಲಿಲ್ಲ. ಘಾಲಾದ ಇಗರ್ಜಿಯ, ಅಂದರೆ ಚರ್ಚಿನ, ಆವರಣದ ಗೋಡೆಗೆ ಒತ್ತಿ ಕಾರು ನಿಲ್ಲಿಸಿ, ಎಸಿಯ ಗಾಳಿಯನ್ನು ಮುಖಕ್ಕೆ ತಿರುಗಿಸಿಕೊಂಡು ಅವನು ಅದನ್ನು ಮತ್ತೊಮ್ಮೆ ಎಣಿಸಿದ. ‘ಈ ಕುಟುಂಬಗಳು ಈಗಾಗಲೇ ಮಬೇಲಾದ ಫ್ಲ್ಯಾಟುಗಳಲ್ಲಿ ವಾರವಾರವೂ ಪ್ರಾರ್ಥನಾ ಕೂಟಗಳನ್ನು ನಡೆಸುತ್ತಿರುವಾಗ ಶಾಲೆಯ ಕೋಣೆಗಳೂ ಏಕೆ ಬೇಕು?’ ಶಾಲೆಗೆ ಕಳಿಸಿದ ಪತ್ರದಲ್ಲಿ ಬರೆದಾಗ ಅದು ಪ್ರಶ್ನೆಯಾಗಿತ್ತು. ಈಗ, ಮೂರು ವಾರ ಕಳೆದ ಮೇಲೆ, ತುದಿಯ ಪ್ರಶ್ನೆಯ ಕೊಕ್ಕೆ ಕಳಚಿಬಿದ್ದು, ಉಳಿದದ್ದು ಯಾರದೋ ಮನೆಯ ವಿಳಾಸದ ಹಾಗೆ ಕಾಣುತ್ತಿತ್ತು.

ಶುಕ್ರವಾರದ ಬೆಳಿಗ್ಗೆ ಒಂಬತ್ತೂವರೆ. ಗೋಡೆಯ ಈಚೆ ಅಲ್ಯೂಮಿನಿಯಂ ವರ್ಕ್‌ಶಾಪುಗಳು, ಟಯರಿನ ಅಂಗಡಿಗಳು, ಎಲ್ಲದಕ್ಕೂ ಶಟರ್ ಇಳಿದಿತ್ತು. ಆ ಸಾಲಿನ ನಾಲ್ಕನೆಯ ಶಟರಿನ ಒಳಗೆ ವಾರದ ಐದು ದಿನವೂ ಜೋಸ್ಟನ್ ಕಿಟಕಿಯ ಚೌಕಟ್ಟುಗಳ ಮೂಲೆಗಳನ್ನು ಅಳೆದು, ತೊಂಬತ್ತು ಡಿಗ್ರಿಗೆ ಕೂದಲೆಳೆ ಹೆಚ್ಚುಕಮ್ಮಿಯಾದರೂ ವಾಪಸು ಕಳಿಸುತ್ತಿದ್ದ. ಗೋಡೆಯ ಆಚೆ, ಈ ಅರಬರ ನಾಡಿನ ದೊರೆ ಕೊಟ್ಟ ಜಾಗದಲ್ಲಿ, ಒಂದು ಹೊತ್ತಿಗೆ ಮಲಯಾಳ, ಒಂದು ಹೊತ್ತಿಗೆ ಇಂಗ್ಲಿಷ್, ಒಂದು ಹೊತ್ತಿಗೆ ಕೊಂಕಣಿ ಎಂದು ದೇವರು ಪಾಳಿಯಲ್ಲಿ ಕೆಲಸ ಮಾಡುತ್ತಿದ್ದ. ಒಂಬತ್ತು ವರ್ಷದಿಂದ ಜೋಸ್ಟನ್ ಹೆಂಡತಿಯನ್ನೂ ಮಗಳನ್ನೂ ಗೇಟಿನವರೆಗೆ ತಂದುಬಿಡುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ. ಮೊದಮೊದಲು ಯಾರೋ ಪ್ರೆಸಿಲ್ಲಾಳನ್ನು ಕೇಳಿದ್ದರಂತೆ, ನಿಮ್ಮ ಡ್ರೈವರ್ ಮಂಗಳೂರಿನವರೇನಾ ಎಂದು. ಅವಳು ಹೌದೆಂದಿದ್ದಳು. ಅದನ್ನು ಅವಳು ನಗುತ್ತಲೇ ಹೇಳಿದ್ದಳು, ಅವನೂ ನಕ್ಕಿದ್ದ. ಆಮೇಲೆ ಎಷ್ಟೋ ಶುಕ್ರವಾರ ಸ್ಟಿಯರಿಂಗಿನ ಮೇಲಿನ ತನ್ನ ಕೈಗಳನ್ನು ನೋಡಿಕೊಳ್ಳುವಾಗ ಅವು ಸಂಬಳದ ಕೈಗಳ ಹಾಗೆಯೇ ಕಂಡಿದ್ದವು.

ಇವತ್ತು ಬರುವ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕ್ರಿಸ್ಟಲ್ ಕೊಂಕಣಿಯಲ್ಲಿ ಪ್ರಾರ್ಥನೆ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಒಂಬತ್ತು ವರ್ಷ. ಬರುವ ತಿಂಗಳು ಮೊದಲ ಕೊಮುನಿಯಾಂವ್, ಅಂದರೆ ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ದಿನ. ಊರಿನಿಂದ ಅಜ್ಜಿ ಫೋನಿನಲ್ಲಿ ಕೇಳುತ್ತಾರೆಂದು ಪ್ರಾರ್ಥನೆ ಕೊಂಕಣಿಯಲ್ಲೇ ಕಲಿಯಬೇಕೆಂದು ಪ್ರೆಸಿಲ್ಲಾಳ ಹಟ. ಅರ್ಥ ಗೊತ್ತಿಲ್ಲದ ಮಗು ಪದಗಳನ್ನು ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಸಿಕ್ಕಿಸಿಕೊಂಡು ಹೋಗಿ, ಪ್ರತಿ ಸಲವೂ ‘ಭೊಗ್ಶಿ’ ಎಂಬಲ್ಲಿ ನಿಲ್ಲುತ್ತಿದ್ದಳು. ಕ್ಷಮಿಸು ಎಂಬ ಪದ ಅದು. “ಭೊಗ್ಶಿ… ಭೊಗ್ಶಿ… ವಾಟ್ ಕಮ್ಸ್ ನೆಕ್ಸ್ಟ್, ಡ್ಯಾಡಾ?” ಮುಂದಿನ ಪದ ಜೋಸ್ಟನ್‌ನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಸಿಗ್ನಲ್ ನೋಡುತ್ತಿದ್ದ. ಅವಳಿಗೆ ಧರ್ಮವನ್ನು ತಾನಾಗಿ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ ಎಂದು ಅವನೇ ಮಾಡಿಕೊಂಡ ಒಪ್ಪಂದ. ಪ್ರೆಸಿಲ್ಲಾ ಕಿಟಕಿಯ ಕಡೆ ತಿರುಗಿದ್ದವಳು, “ಅವನಿಗೆ ಗೊತ್ತುಂಟು, ಹೇಳುದಿಲ್ಲ,” ಎಂದಳು. ಸಿಗ್ನಲ್ ಹಸಿರಾಗಿ ಎಷ್ಟೋ ಹೊತ್ತಾಗಿತ್ತು. ಹಿಂದಿನವನು ಹಾರ್ನ್ ಹೊಡೆದ.

‘ಭೊಗ್ಶಿ’ ಎಂಬ ಆ ಪದವನ್ನು ಅವನು ಪ್ರಾರ್ಥನೆಯಲ್ಲಲ್ಲದೆ ಬೇರೆಲ್ಲೂ ಕೇಳಿದ್ದೇ ಇಲ್ಲ. ಇದೊಂದು ವಿಚಿತ್ರ ಭಾಷೆ ಎಂದು ಅವನಿಗೆ ಆಗಾಗ ಸಿಟ್ಟು ಬರುತ್ತಿತ್ತು. ಯಾರಾದರೂ ಉಪ್ಪಿನ ಡಬ್ಬಿ ದಾಟಿಸಿದರೂ ಉಪಕಾರ ಹೇಳಲು ಇರುವುದು ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ. ದೇವರನ್ನು ನಡುವೆ ತಾರದೆ ಒಂದು ಲೋಟ ನೀರಿಗೂ ಕೃತಜ್ಞತೆ ಹೇಳಲಾಗದ ಭಾಷೆಯಲ್ಲಿ ಹುಟ್ಟಿದವನು ಏನು ಮಾಡಬೇಕು? ಅವನು ‘ಥ್ಯಾಂಕ್ಸ್’ ಎನ್ನುತ್ತಿದ್ದ. ಅಲ್ ಖೌದ್‌ನಲ್ಲಿ ಕಿಶನ್‌ನ ಫ್ಲ್ಯಾಟಿನಲ್ಲಿ ಹದಿನೈದು ದಿನಕ್ಕೊಮ್ಮೆ ಸೇರುವ ನಾಲ್ಕು ಜನರ ಮುಂದೆ ಇದನ್ನು ಹೇಳಿದಾಗ ಎಲ್ಲರೂ ಮೆಚ್ಚಿದ್ದರು. ಕಿಶನ್ ಉಡುಪಿಯವನು, ಪ್ರಯೋಗಾಲಯದ ಸಾಮಾನು ಮಾರುವವನು. “ನೀನು ಇದನ್ನು ಬರೀಬೇಕು ಮಾರಾಯ,” ಎಂದಿದ್ದ. ಅವರು ತಮ್ಮನ್ನು ಮಾನವತಾವಾದಿಗಳು ಎಂದು ಕರೆದುಕೊಳ್ಳುತ್ತಿದ್ದರು. ಓದಿದ ಪುಸ್ತಕಗಳ ಬಗ್ಗೆ ಮಾತು, ಚಹಾ, ಕಿಶನ್‌ನ ಹೆಂಡತಿ ನಿಶ್ಮಿತಾ ಕರಿದ ಗೋಳಿಬಜೆ. ಮನುಷ್ಯನಿಗೆ ಮನುಷ್ಯನೇ ಸಾಕು ಎಂಬ ತೀರ್ಮಾನಕ್ಕೆ ಅವರು ಹೆಚ್ಚುಕಮ್ಮಿ ಪ್ರತಿ ಸಲವೂ ಬರುತ್ತಿದ್ದರು.

ಆ ಪತ್ರ ಹುಟ್ಟಿದ್ದೂ ಅಲ್ಲೇ. ಮಬೇಲಾ ಕಡೆಯ ಕೆಥೊಲಿಕ್ ಪೋಷಕರು, ಘಾಲಾದಲ್ಲಿ ಜಾಗ ಸಾಲುವುದಿಲ್ಲ, ಮಕ್ಕಳಿಗೆ ದೂರ ಬೇರೆ, ಆದ್ದರಿಂದ ಶುಕ್ರವಾರ ಬೆಳಿಗ್ಗೆ ಧರ್ಮಪಾಠಕ್ಕೆ ಶಾಲೆಯ ನಾಲ್ಕು ಕೋಣೆ ಬಿಟ್ಟುಕೊಡಿ ಎಂದು ಭಾರತೀಯ ಮಕ್ಕಳು ಓದುವ ಆ ಶಾಲೆಯ ಆಡಳಿತವನ್ನು ಕೇಳಿದ್ದರು. ಎಲ್ಲ ಧರ್ಮದವರ ಫೀಸಿನಲ್ಲಿ ನಡೆಯುವ ಶಾಲೆ ಒಂದು ಧರ್ಮದ ಕೆಲಸಕ್ಕೆ ಹೋಗಬಾರದು ಎಂದು ಜೋಸ್ಟನ್ ಬರೆದ. ಇವತ್ತು ಇವರು, ನಾಳೆ ಇನ್ನೊಬ್ಬರು. ಕಲಿಸುವ ಸಂಸ್ಥೆಗೂ ಆರಾಧಿಸುವ ಸಂಸ್ಥೆಗೂ ನಡುವೆ ಗೋಡೆ ಬೇಕು. ಕಿಶನ್ ಓದಿ, “ಫಸ್ಟ್ ಕ್ಲಾಸ್,” ಎಂದ. ಸಹಿ ಹಾಕುವಾಗ, ತನ್ನ ಮಗ ಅಲ್ಲೇ ಓದುವುದಲ್ಲವೇ, ಸುಮ್ಮನೆ ಯಾಕೆ ಎಂದು ಹಿಂದೆ ಸರಿದ. ಕ್ರಿಸ್ಟಲ್ ಕೂಡ ಅಲ್ಲೇ ಓದುವುದು ಎಂದು ಜೋಸ್ಟನ್ ಹೇಳಲಿಲ್ಲ. ಒಬ್ಬನೇ ಸಹಿ ಹಾಕಿದ್ದರಲ್ಲಿ ಅವನಿಗೆ ಒಂದು ಬಗೆಯ ಸುಖವೂ ಇತ್ತು. ಮಂಗಳೂರಿನ ಕಾಲೇಜು ದಿನಗಳಲ್ಲಿ ವಾಚಕರ ವಾಣಿಗೆ ಬರೆಯುತ್ತಿದ್ದಾಗ ಇದ್ದ ಸುಖ ಅದು. ಸರಕಾರಿ ಕಟ್ಟಡದ ಶಿಲಾನ್ಯಾಸಕ್ಕೆ ಪೂಜೆ ಯಾಕೆ, ಸರಕಾರದ ಅನುದಾನ ಪಡೆಯುವ ಕಾನ್ವೆಂಟಿನಲ್ಲಿ ದಿನಕ್ಕೆರಡು ಸಲ ಪ್ರಾರ್ಥನೆ ಯಾಕೆ ಎಂದು ಬರೆದರೆ ಮೂರನೆಯ ದಿನ ಯಾರಾದರೂ ಬೈದು ಉತ್ತರ ಬರೆಯುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಬೆನ್ನು ತಟ್ಟುತ್ತಿದ್ದರು. ಅಲ್ಲಿ ವಾಕ್ಯ ವಾದವಾಗಿಯೇ ಉಳಿಯುತ್ತಿತ್ತು. ಇಲ್ಲಿ, ಗೊತ್ತುಮಾಡಿದ ಆವರಣ ಬಿಟ್ಟು ಬೇರೆಡೆ ಗುಂಪು ಸೇರಿ ಪ್ರಾರ್ಥಿಸುವಂತಿಲ್ಲ ಎಂಬುದು ಪ್ರತಿ ಮಗುವಿಗೂ ಗೊತ್ತಿದ್ದ ಊರಿನಲ್ಲಿ, ಅವನ ಪತ್ರದ ಮೂರನೆಯ ಪ್ಯಾರಾದ ಆ ಹದಿನೆಂಟು ಪದಗಳ ವಾಕ್ಯ ಏನಾಯಿತು? ಬರೆಯುವಾಗ ‘ಕೆಥೆಕಿಸಂ’ ಎಂಬ ಪದದ ಸ್ಪೆಲ್ಲಿಂಗ್ ತೋಚದೆ ಅಡಿಗೆಮನೆಯ ಕಡೆ ಕೂಗಿ ಕೇಳಿದ್ದ. ಪ್ರೆಸಿಲ್ಲಾ ಈರುಳ್ಳಿ ಹೆಚ್ಚುತ್ತಲೇ ಒಂದೊಂದಾಗಿ ಅಕ್ಷರ ಹೇಳಿದ್ದಳು. ಯಾಕೆಂದು ಕೇಳಿರಲಿಲ್ಲ.

ಶಾಲೆ ಕೋಣೆ ಕೊಡಲಿಲ್ಲ. ಅಷ್ಟಕ್ಕೆ ಮುಗಿಯಬೇಕಿತ್ತು. ಮೊನ್ನೆ ಮಂಗಳವಾರ ಪ್ರೆಸಿಲ್ಲಾ ತೇರ್ಸಿಗೆ ಹೋದವಳು ಅರ್ಧ ಗಂಟೆಯಲ್ಲೇ ವಾಪಸು ಬಂದಿದ್ದಳು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಅಕ್ಟೋಬರ್ ಪೂರ್ತಿ ಮಂಗಳವಾರ ಸಂಜೆ, ಹಿರಿಯನೆಂದು ಎಲ್ಲರೂ ಸಿರಿಲಾಬ್ ಎನ್ನುವ ಸಿರಿಲ್‌ನ ಫ್ಲ್ಯಾಟಿನಲ್ಲಿ ಹತ್ತು ಹನ್ನೆರಡು ಮನೆಯವರು ಸೇರುತ್ತಿದ್ದರು. “ಇವತ್ತು ಇಲ್ಲ,” ಎಂದಳು. “ಸಿರಿಲಾಬನಿಗೆ ಕಟ್ಟಡದ ಅರ್ಬಾಬ್ ಹೇಳಿದ್ದಾನಂತೆ. ಜನ ಸೇರಿಸ್ತೀಯಂತೆ, ಪ್ರಾರ್ಥನೆ ಮಾಡ್ತೀಯಂತೆ, ತಿಂಗಳ ಕೊನೆಗೆ ಖಾಲಿ ಮಾಡು ಅಂತ. ಯಾರೋ ಹೇಳಿದ್ದಾರೆ.” ಅರ್ಬಾಬ್ ಎಂದರೆ ಇಲ್ಲಿ ಮಾಲೀಕ. ಅವಳು ಜಪಮಾಲೆಯನ್ನು ಪರ್ಸಿನಿಂದ ತೆಗೆದು ಫ್ರಿಜ್ಜಿನ ಮೇಲಿಟ್ಟಳು. “ಯಾರು?” ಎಂದು ಅವನು ಕೇಳಿದ. ತಾನು ಕೇಳಿದ ರೀತಿ ಸರಿಯಾಗಿತ್ತೋ, ಸ್ವಲ್ಪ ತಡವಾಗಿತ್ತೋ ಎಂದು ಅವನಿಗೆ ಇನ್ನೂ ಗೊತ್ತಾಗಿರಲಿಲ್ಲ. ಕಿಶನ್‌ಗೆ ಫೋನ್ ಮಾಡಿದರೆ, “ನೀನು ಬರ್ದದ್ದು ಸತ್ಯ ಅಲ್ವಾ?” ಎಂದ. ಸತ್ಯ ಹೌದು ಎಂದ ಜೋಸ್ಟನ್. “ಮತ್ತೆಂತ? ಶಾಲೆಯವರು ಪತ್ರ ಹಿಡ್ಕೊಂಡು ಕಟ್ಟಡದ ಮಾಲೀಕನನ್ನು ಹುಡುಕ್ಲಿಕ್ಕೆ ಹೋದರಾ? ನಿಂಗೆ ಮರುಳು.” ಸ್ವಲ್ಪ ತಡೆದು ಸೇರಿಸಿದ್ದ: “ಈ ಸಲ ನಮ್ಮ ಮೀಟಿಂಗ್ ಬೇಡ ಆಯ್ತಾ. ಸುಮ್ಮನೆ ನಾಲ್ಕು ಜನ ಒಟ್ಟಿಗೆ ಕೂತದ್ದು ಕಂಡ್ರೆ…”

ಕಾರಿನ ಗಾಜಿಗೆ ಯಾರೋ ಉಂಗುರದ ಬೆರಳಿನಿಂದ ಟಕಟಕ ಎನಿಸಿದರು. ಸಿರಿಲ್. ಐವತ್ತು ದಾಟಿದ, ಬಿಳಿ ಶರ್ಟಿನ ಕಾಲರಿಗೆ ಕರ್ಚೀಫು ಸಿಕ್ಕಿಸಿಕೊಂಡ ಮನುಷ್ಯ. ಒಂದು ಸಾಮಾನು ಸಾಗಣೆಯ ಕಂಪೆನಿಯಲ್ಲಿ ಲಾರಿಗಳನ್ನು ಹೊರಡಿಸುವ ಕೆಲಸ. ಊರಿನ ಇಗರ್ಜಿಗಳಲ್ಲಿ ವಾಡೆಯ ಮುಖಂಡನಿಗೆ ಗುರ್ಕಾರ ಎನ್ನುತ್ತಾರೆ. ಇಲ್ಲಿ ಯಾರೂ ನೇಮಿಸದಿದ್ದರೂ ಮಬೇಲಾದ ಮಂಗಳೂರಿಗರಿಗೆಲ್ಲ ಅವನೇ ಗುರ್ಕಾರ. ಜೋಸ್ಟನ್ ಬಾಗಿಲು ತೆರೆಯುವ ಮೊದಲೇ ಅವನು ಆ ಕಡೆಯಿಂದ ಬಂದು ಪಕ್ಕದ ಸೀಟಿನಲ್ಲಿ ಕೂತಾಗಿತ್ತು.

“ಎಂತ ಡ್ರೈವರೇ, ತಂಪಾಗಿ ಕೂತಿದ್ದೀರಿ,” ಎಂದ. “ಒಳಗೆ ಫಾದರ್ ಶೆಕೆಯಲ್ಲಿ ಬೇಯ್ತಾ ಇದ್ದಾರೆ, ನೀನಿಲ್ಲಿ ಸ್ವರ್ಗದಲ್ಲಿ.”

“ಪೂಜೆ ಮುಗೀತಾ, ಸಿರಿಲಾಬ್?”

“ನಡೀತಾ ಉಂಟು. ನಾನು ಎದ್ದು ಬಂದೆ. ನಿನ್ನತ್ರ ಒಂದು ಕೆಲಸ ಉಂಟು ಮಾರಾಯ.” ಅವನು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. “ಅರ್ಬಾಬ್ ಹನ್ನೊಂದಕ್ಕೆ ಬಾ ಅಂದಿದ್ದಾನೆ. ಅವನು ಜುಮ್ಮಾ ನಮಾಜಿಗೆ ಹೋಗುವ ಮೊದಲು ಮಾತಾಡಿ ಮುಗಿಸ್ಬೇಕು. ನೀನು ಬರ್ಬೇಕು.”

“ನಾನು ಬಂದು ಎಂತ ಮಾಡ್ಲಿಕ್ಕುಂಟು?”

“ನೀನೇ ಬೇಕಾದ್ದು. ನಾನು ನಮ್ಮವರನ್ನು ಯಾರನ್ನು ಕರ್ಕೊಂಡು ಹೋದರೂ, ನೀವೆಲ್ಲ ಒಂದೇ ಗುಂಪು ಅಂತಾನೆ. ನೀನು ಇಗರ್ಜಿಯವನಲ್ಲ, ತೇರ್ಸಿಗೆ ಬರುವವನಲ್ಲ. ನಿನ್ನ ಮಾತಿಗೆ ತೂಕ ಉಂಟು. ಇಂಗ್ಲಿಷೂ ಒಳ್ಳೇದು, ಬರವಣಿಗೆಯೂ ಒಳ್ಳೇದು ಅಂತಾರೆ.”

ಬರವಣಿಗೆ. ಜೋಸ್ಟನ್ ಸಿರಿಲ್‌ನ ಮುಖವನ್ನು ನೋಡಿದ. ಅಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ, ಅಥವಾ ಬೆವರಿನ ಕೆಳಗೆ ಎಲ್ಲವೂ ಇತ್ತು. ಅವನು ಓದಿದ ಕಾದಂಬರಿಗಳಲ್ಲಿ ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಕಣ್ಣಿನಲ್ಲಿ ಏನನ್ನಾದರೂ ಓದುತ್ತಿದ್ದ. ಇಲ್ಲಿ ಓದಲು ಆಗುತ್ತಿರಲಿಲ್ಲ. “ಎರಡು ಮಕ್ಕಳ ಪರೀಕ್ಷೆ ಉಂಟು ಮಾರ್ಚಿನಲ್ಲಿ,” ಎಂದು ಸಿರಿಲ್ ಹೊರಗೆ ನೋಡುತ್ತ ಹೇಳಿದ. “ಹದಿಮೂರು ವರ್ಷದ ಮನೆ. ಇದೇ ಬಾಡಿಗೆಗೆ ಬೇರೆ ಎಲ್ಲಿ ಸಿಗ್ತದೆ? ಅದಕ್ಕಿಂತ ಹೆಚ್ಚು, ಪ್ರಾರ್ಥನೆ ಮಾಡಿ ಓಡಿಸಲ್ಪಟ್ಟವ ಅಂತ ಹೆಸರು ಬಿದ್ರೆ ಕಂಪೆನಿಯಲ್ಲಿ ಎಂತ ಹೇಳ್ತಾರೋ.” ಹೇಳಬೇಕಾದದ್ದು ಇದೇ ಹೊತ್ತು ಎಂದು ಜೋಸ್ಟನ್‌ಗೆ ಸ್ಪಷ್ಟವಾಗಿ ಗೊತ್ತಿತ್ತು. ಸಿರಿಲಾಬ್, ನಾನೊಂದು ಪತ್ರ ಬರೆದಿದ್ದೆ. ಎಷ್ಟು ಸಣ್ಣ ವಾಕ್ಯ. ಅವನು ಗೇರ್ ಹಾಕಿದ.

ಹೆಂಗಸರೂ ಮಕ್ಕಳೂ ಧರ್ಮಪಾಠ ಮುಗಿಸಿ ಸಿರಿಲ್‌ನ ಹೆಂಡತಿಯ ಕಾರಿನಲ್ಲಿ ನೇರ ಅವರ ಫ್ಲ್ಯಾಟಿಗೆ ಬರುವುದೆಂದೂ, ಊಟ ಅಲ್ಲೇ ಎಂದೂ ಸಿರಿಲ್ ಫೋನಿನಲ್ಲಿ ತೀರ್ಮಾನಿಸಿದ. ಹೆದ್ದಾರಿಯಲ್ಲಿ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಸಿರಿಲ್ ಮಾತಾಡುತ್ತಲೇ ಇದ್ದ. ಅರ್ಬಾಬ್ ಒಳ್ಳೆಯವನಂತೆ, ಹೆದರುವವನು ಅಷ್ಟೆ. “ನೀನು ಜಾಸ್ತಿ ಮಾತಾಡ್ಬೇಡ. ಪ್ರಾರ್ಥನೆ ಉಂಟಾ ಅಂತ ಕೇಳ್ತಾನೆ. ಮಾಫಿ ಅಂತ ಹೇಳು. ಖಲಾಸ್.” ಆಮೇಲೆ ಅವನು ತಾನಾಗಿ ನಗತೊಡಗಿದ. “ನಿಂಗೆ ಮಾಫಿ ಹೇಳ್ಲಿಕ್ಕೆ ಕಲಿಸಬೇಕಾ!” ಆ ಜೋಕು ಮಬೇಲಾದ ಎಲ್ಲ ಮಂಗಳೂರಿಗರಿಗೂ ಗೊತ್ತು. ಹನ್ನೆರಡು ವರ್ಷದ ಹಿಂದೆ, ಬಂದ ಮೊದಲ ವಾರ, ಜೋಸ್ಟನ್ ಬಾದುಶಾನ ದಿನಸಿ ಅಂಗಡಿಗೆ ಹೋಗಿ ಬಟಾಟೆ ಕೇಳಿದ್ದ. ಬಾದುಶಾ ತಲೆಯೆತ್ತದೆ “ಮಾಫಿ” ಎಂದಿದ್ದ. ಅರಬಿಯಲ್ಲಿ ‘ಇಲ್ಲ’ ಎಂದು ಅದರ ಅರ್ಥ. ಜೋಸ್ಟನ್, ಬಟಾಟೆ ಮುಗಿದದ್ದಕ್ಕೆ ಈ ಮನುಷ್ಯ ಕ್ಷಮೆ ಬೇಡುತ್ತಿದ್ದಾನೆಂದು ತಿಳಿದು, “ಛೆ ಛೆ, ಅದಕ್ಕೆ ಮಾಫಿ ಎಲ್ಲ ಯಾಕೆ, ಪರವಾಗಿಲ್ಲ,” ಎಂದು ಸಮಾಧಾನ ಮಾಡಿದ್ದ. ಬಾದುಶಾ ಟೊಮೆಟೊ ಕೂಡ ಮಾಫಿ ಎಂದ. ಅದಕ್ಕೂ ಜೋಸ್ಟನ್ ಕ್ಷಮಿಸಿದ. ಪ್ರೆಸಿಲ್ಲಾ ಇದನ್ನು ಪ್ರತಿ ಪಾರ್ಟಿಯಲ್ಲೂ ಹೇಳುತ್ತಿದ್ದಳು. ಇಡೀ ಅಂಗಡಿಯನ್ನೇ ಕ್ಷಮಿಸಿ ಬರಿಗೈಯಲ್ಲಿ ಮನೆಗೆ ಬಂದ ನನ್ನ ಗಂಡ ಎಂದು.

ಅರ್ಬಾಬನ ಮನೆ ಅದೇ ಕಟ್ಟಡದ ಹಿಂದಿತ್ತು. ಮಜ್ಲಿಸ್ ಎಂದು ಕರೆಯುವ ಹೊರಕೋಣೆಯಲ್ಲಿ ಗೋಡೆಯುದ್ದಕ್ಕೂ ಕೆಂಪು ದಿಂಬುಗಳು. ಶೂ ಬಿಚ್ಚುವಾಗ ಜೋಸ್ಟನ್‌ನ ಎಡಗಾಲಿನ ಸಾಕ್ಸಿನಲ್ಲಿ ಹೆಬ್ಬೆರಳು ಹೊರಗೆ ಬಂದಿದ್ದು ಕಂಡಿತು. ಕೂತ ಮೇಲೆ ಅದನ್ನು ಬಲಗಾಲಿನ ಕೆಳಗೆ ಅಡಗಿಸಿಕೊಂಡ. ಅರ್ಬಾಬ್ ಎಪ್ಪತ್ತರ ಆಸುಪಾಸಿನವನು. ಶುಕ್ರವಾರದ ಬಿಳಿ ಉಡುಪು, ಅತ್ತರಿನ ವಾಸನೆ. ಅವನೇ ಕಹ್ವಾ ಎಂಬ ಅರಬಿ ಕಾಫಿ ಬಗ್ಗಿಸಿದ, ಖರ್ಜೂರದ ತಟ್ಟೆ ಮುಂದೆ ತಳ್ಳಿದ. ಮಕ್ಕಳು ಹೇಗಿದ್ದಾರೆ ಎಂದು ಸಿರಿಲ್‌ನನ್ನು ಕೇಳಿದ, ಸಿರಿಲ್ ಅವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದ. ಈ ಇಬ್ಬರು ಹದಿಮೂರು ವರ್ಷದಿಂದ ಹೀಗೆ ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತ ಬಂದಿದ್ದಾರೆ ಎಂಬುದು ಜೋಸ್ಟನ್‌ಗೆ ಅನಿರೀಕ್ಷಿತವಾಗಿತ್ತು. ಅವನ ಪತ್ರದಲ್ಲಿ ಮೊಣಕಾಲುಗಳಿಗೆ ಜಾಗವಿರಲಿಲ್ಲ.

“ಹೋದ ವಾರದ ಮಂಗಳವಾರ ನಿನ್ನ ಬಾಗಿಲ ಮುಂದೆ ಮೂವತ್ತು ಜೊತೆ ಚಪ್ಪಲಿ,” ಎಂದ ಅರ್ಬಾಬ್ ಹಿಂದಿಯಲ್ಲಿ. ಕಟ್ಟಡದ ಕಾವಲಿನವನು ಎಣಿಸಿದ್ದನಂತೆ.

“ಬರ್ತ್‌ಡೇ ಇತ್ತು, ಅರ್ಬಾಬ್.”

“ಪ್ರತಿ ಮಂಗಳವಾರವಾ?” ಮುದುಕ ಸಣ್ಣಗೆ ನಕ್ಕ. “ನಂಗೆ ಚಪ್ಪಲಿ ತೊಂದರೆ ಇಲ್ಲ. ಆದರೆ ಜನ ಹೇಳ್ತಾರೆ. ಯಾರೋ ಬಂದು ಹೇಳಿದರು, ನಿನ್ನ ಕಟ್ಟಡದಲ್ಲಿ ಸಲಾತ್ ಆಗ್ತದೆ ಅಂತ.” ಪ್ರಾರ್ಥನೆಗೆ ಅವನ ಪದ ಅದು.

“ಯಾರು ಹೇಳಿದ್ದು?” ಎಂದು ಸಿರಿಲ್ ಕೇಳಿದ.

ಜೋಸ್ಟನ್‌ನ ಕೈಯಲ್ಲಿದ್ದ ಸಣ್ಣ ಕಪ್ಪು ಖಾಲಿಯಾಗಿತ್ತು, ಆದರೂ ಅವನು ಅದನ್ನು ಬಾಯಿಗೆ ಹಿಡಿದ. ಈಗ ಹೇಳುತ್ತಾನೆ. ಶಾಲೆಯವರು ಎನ್ನುತ್ತಾನೆ, ಪತ್ರ ಎನ್ನುತ್ತಾನೆ, ದಿಂಬಿನ ಹಿಂದಿನಿಂದ ಅದನ್ನೇ ತೆಗೆಯಲೂಬಹುದು. ಹಾಗಾದರೆ ಒಳ್ಳೆಯದು, ತಾನು ಏನೂ ಹೇಳಬೇಕಾಗಿಲ್ಲ ಎಂದು ಒಂದು ಕ್ಷಣ ಆಸೆಯೂ ಆಯಿತು. ಅರ್ಬಾಬ್ ಕೈಯನ್ನು ಗಾಳಿಯಲ್ಲಿ ಬೀಸಿದ. “ನಾಸ್,” ಎಂದ. ಜನ. ಅಷ್ಟೆ. ನೊಣ ಓಡಿಸಿದ ಹಾಗಿತ್ತು. ಕಾವಲಿನವನೋ, ಎದುರು ಫ್ಲ್ಯಾಟಿನವರೋ, ಹದಿನೆಂಟು ಪದಗಳೋ, ಯಾವುದೆಂದು ಇನ್ನು ಮೇಲೆ ಯಾವತ್ತೂ ಗೊತ್ತಾಗುವುದಿಲ್ಲ ಎಂದು ಜೋಸ್ಟನ್‌ಗೆ ಹೊಳೆಯಿತು. ತಪ್ಪು ತನ್ನದೆಂದು ಖಚಿತವಾಗಿದ್ದರೆ ಅದನ್ನು ಒಪ್ಪಿಕೊಳ್ಳಬಹುದಿತ್ತು. ತನ್ನದಲ್ಲವೆಂದಾಗಿದ್ದರೆ ರಾತ್ರಿ ನಿದ್ದೆ ಬರುತ್ತಿತ್ತು. ಈ ಎರಡರ ನಡುವಿನ ಜಾಗಕ್ಕೆ ಅವನು ಓದಿದ ಪುಸ್ತಕಗಳಲ್ಲೂ ಹೆಸರಿರಲಿಲ್ಲ.

“ಇವನು ನನ್ನ ಸ್ನೇಹಿತ,” ಎಂದು ಸಿರಿಲ್ ಅವನ ಭುಜ ಮುಟ್ಟಿದ. “ಇಂಜಿನಿಯರ್. ಇವನು ನಮ್ಮ ಚರ್ಚಿಗೆ ಬರುವವನಲ್ಲ. ಇವನನ್ನೇ ಕೇಳಿ.”

ಅರ್ಬಾಬ್ ಜೋಸ್ಟನ್‌ನ ಕಡೆ ಪೂರ್ತಿ ತಿರುಗಿದ. “ನೀನು ಮಸೀಹಿ ಅಲ್ಲ?”

ಕ್ರೈಸ್ತನಲ್ಲ ಎಂದು ಜೋಸ್ಟನ್ ತಲೆಯಾಡಿಸಿದ.

“ಹಿಂದೂ?”

“ಅಲ್ಲ.”

“ಮುಸ್ಲಿಂ?” ಆ ದನಿಯಲ್ಲಿ ಸಣ್ಣ ಆಸೆಯೂ ಇತ್ತು.

“ಅಲ್ಲ.”

“ಹಾಗಾದರೆ ನಿನ್ನ ದೀನ್ ಏನು?”

ಧರ್ಮ ಏನೆಂದು ಕೇಳುವ ಈ ಪ್ರಶ್ನೆಗೆ ಉತ್ತರವಾಗಿ ಅವನ ಬಳಿ ಒಂದು ಇಡೀ ಭಾಷಣವೇ ಇತ್ತು. ಅಲ್ ಖೌದ್‌ನಲ್ಲಿ ಗೋಳಿಬಜೆಯ ಮುಂದೆ ಎಷ್ಟೋ ಸಲ ಹೇಳಿದ್ದು. ಅದರ ಒಂದು ಪದವೂ ಹಿಂದಿಯಲ್ಲಾಗಲಿ ಅರಬಿಯಲ್ಲಾಗಲಿ ಬರಲಿಲ್ಲ. “ಮಾಫಿ,” ಎಂದ.

“ಮಾಫಿ?” ಮುದುಕ ಸಿರಿಲ್‌ನನ್ನು ನೋಡಿದ, ಮತ್ತೆ ಇವನನ್ನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಒಬ್ಬ ಮನುಷ್ಯ ತನಗೆ ಅಪ್ಪ ಅಮ್ಮ ಊರು ಮನೆ ಏನೂ ಇಲ್ಲ ಎಂದರೆ ನೋಡುವಂತೆ ನೋಡಿದ. “ಮಿಸ್ಕೀನ್,” ಎಂದು ಮೆಲ್ಲಗೆ ಹೇಳಿಕೊಂಡು, ತಟ್ಟೆಯಿಂದ ಎರಡು ದಪ್ಪ ಖರ್ಜೂರ ಆರಿಸಿ ಜೋಸ್ಟನ್‌ನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಿಸಿದ. ಪಾಪದವನು ಎಂದು ಅರ್ಥ. ಸಿರಿಲ್ ನಗು ತಡೆಯಲು ಕೆಮ್ಮಿದ. ನಲವತ್ತೆರಡು ವರ್ಷದ ಜೋಸ್ಟನ್, ಹರಿದ ಸಾಕ್ಸಿನ ಮೇಲೆ ಕೂತು, ಅನಾಥ ಮಗುವಿನ ಹಾಗೆ ಖರ್ಜೂರ ಹಿಡಿದುಕೊಂಡ.

“ಸರಿ, ನೀನು ಹೇಳು. ನಿನಗೆ ಯಾವ ಕಡೆಯೂ ಇಲ್ಲ. ಇವನ ಮನೆಯಲ್ಲಿ ಸಲಾತ್ ನಡೀತದಾ?”

ಪ್ರೆಸಿಲ್ಲಾಳ ಪರ್ಸಿನೊಳಗಿನ ಜಪಮಾಲೆ, ಮಂಗಳವಾರ ಸಂಜೆಗಳಲ್ಲಿ ಅವಳು ತೊಡುವ ಹತ್ತಿಯ ಚೂಡಿದಾರ, ಮನೆಗೆ ಬಂದ ಮೇಲೂ ಅವಳ ಬಾಯಲ್ಲಿ ಉಳಿದಿರುತ್ತಿದ್ದ ರಾಗ. ಸತ್ಯ ಅಲ್ವಾ ಬರ್ದದ್ದು, ಎಂದಿದ್ದ ಕಿಶನ್. ಬರೆದದ್ದು ಸತ್ಯ. “ಮಾಫಿ,” ಎಂದ ಜೋಸ್ಟನ್. ಈ ಸಲ ಪದ ಸಲೀಸಾಗಿ ಬಂತು.

ಅರ್ಬಾಬ್ ಬಹಳ ಹೊತ್ತು ತಲೆ ತೂಗಿದ. ನಂಬಿದನೋ, ನಂಬುವುದು ಅನುಕೂಲವೆಂದು ನಂಬಿದನೋ. ಇನ್ನು ಮೇಲೆ ಜನ ಸೇರುವುದು ಬೇಡ, ಬಾಗಿಲ ಮುಂದೆ ಚಪ್ಪಲಿ ಕಾಣುವುದು ಬೇಡ. ಹಾಗಿದ್ದರೆ ಮನೆ ಸಿರಿಲ್‌ನದೇ. ಖಲಾಸ್. ದೂರದಲ್ಲಿ ಬಾಂಗಿನ ಮೊದಲ ದನಿ ಎದ್ದಿತು. ಮುದುಕ ಮೊಣಕಾಲು ಹಿಡಿದು ಏಳುವಾಗ ಸಿರಿಲ್ ಕೈ ಕೊಟ್ಟ.

ಇಬ್ಬರೂ ಅಂಗಳ ದಾಟಿ ಕಟ್ಟಡದ ನೆರಳಿಗೆ ಬಂದರು. ಮೆಟ್ಟಿಲ ಬುಡದಲ್ಲಿ ಸಿರಿಲ್ ನಿಂತು ಉಸಿರು ಬಿಟ್ಟ, ಜೋಸ್ಟನ್‌ನ ಎರಡೂ ಕೈ ಹಿಡಿದುಕೊಂಡ. ಖರ್ಜೂರ ನಡುವೆ ಅಂಟಂಟಾಯಿತು. “ದೇವ್ ಬರೆಂ ಕರುಂ, ಜೋಸ್ಟನಾ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು. “ತೇರ್ಸ್ ಹೋದರೆ ಹೋಗ್ಲಿ. ಅವರವರ ಮನೆಯಲ್ಲಿ ಹೇಳಿಕೊಂಡರಾಯ್ತು. ಮನೆ ಉಳೀತಲ್ಲ.” ಅಂದರೆ ಪತ್ರ ಕೇಳಿದ್ದೆಲ್ಲ ಆಗಿಹೋಗಿತ್ತು. ಶಾಲೆ ಒಂದು ಕಡೆ, ಪ್ರಾರ್ಥನೆ ಒಂದು ಕಡೆ, ನಡುವೆ ಗೋಡೆ. ಗೋಡೆ ಬೆಳೆಯುತ್ತ ಹೋಗಿ ಹನ್ನೆರಡು ಮನೆಗಳ ನಡುವೆಯೂ ನಿಂತಿತ್ತು. ತಾನು ಗೆದ್ದಿದ್ದೇನೆಯೇ? ಬೇರೆ ಯಾವ ಪದವೂ ಸಿಗದೆ ಜೋಸ್ಟನ್, “ಸಿರಿಲಾಬ್, ಮಾಫಿ,” ಎಂದ.

ಸಿರಿಲ್ ಕ್ಷಣ ಹೊತ್ತು ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ. “ಅರ್ಬಾಬ್ ಅಲ್ಲೇ ಉಳಿದ ಮಾರಾಯ! ನಂಗೂ ಯಾಕೆ ಮಾಫಿ ಹೇಳ್ತೀ? ಮುಗೀತು, ಇನ್ನು ಕೊಂಕಣಿ ಮಾತಾಡು.” ಮೂರು ಮಹಡಿ ಹತ್ತುವವರೆಗೂ ನಗುತ್ತಲೇ ಇದ್ದ.

ಊಟದ ಹೊತ್ತಿಗೆ ಅದು ಜೋಕಾಗಿ ಬೆಳೆದಿತ್ತು. ದಿವಾನಿನ ಮೇಲೆ, ನೆಲದ ಮೇಲೆ ಎಲ್ಲರೂ ತಟ್ಟೆ ಹಿಡಿದು ಕೂತಿದ್ದರು: ಸಿರಿಲ್, ಅವನ ಹೆಂಡತಿ, ಅವರ ಇಬ್ಬರು ಮಕ್ಕಳು, ಕ್ರಿಸ್ಟಲ್. ಸಣ್ಣ ಎನ್ನುವ ಇಡ್ಲಿಯಂಥ ಕಡುಬುಗಳ ಮೇಲೆ ಕೋಳಿಯ ಸಾರು. ಸಿರಿಲ್ ಅರ್ಬಾಬನಾಗಿ, ಜೋಸ್ಟನ್‌ನಾಗಿ, ಖರ್ಜೂರವಾಗಿ ಕೂಡ ಅಭಿನಯಿಸಿದ. “ದೀನ್ ಏನು? ಮಾಫಿ. ಸಲಾತ್? ಮಾಫಿ. ಕೆಳಗೆ ಇಳಿದ ಮೇಲೆ ನಂಗೂ ಒಂದು ಮಾಫಿ! ಬಾಯಿಗೆ ಹಿಡಿದುಬಿಟ್ಟಿತ್ತು ಪಾಪ.” ಅವನ ಹೆಂಡತಿ ಕಣ್ಣು ಒರೆಸಿಕೊಂಡಳು. ಕ್ರಿಸ್ಟಲ್ ಮಾತ್ರ ಹುಬ್ಬು ಗಂಟಿಕ್ಕಿ ಲೆಕ್ಕ ಹಾಕುತ್ತಿದ್ದವಳು, “ಬಟ್ ಡ್ಯಾಡಾ, ವಿ ಡೂ ಪ್ರೇ ಹಿಯರ್. ಸೋ ಯು ಲೈಡ್ ಫಾರ್ ಜೀಸಸ್?” ಎಂದಳು. ಅದಕ್ಕೆ ಇನ್ನೊಂದು ಸುತ್ತು ನಗು. ಜೋಸ್ಟನ್ ತಾನೂ ನಕ್ಕು, ಖಾಲಿಯಾದ ಸಣ್ಣದ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದ.

ಪ್ರೆಸಿಲ್ಲಾ ಹಬೆಯ ಪಾತ್ರೆಯಿಂದ ಸಣ್ಣ ಎಬ್ಬಿಸುತ್ತಿದ್ದಳು. ನಗುತ್ತಿರಲಿಲ್ಲ. ಅವನ ಕಡೆ ತಿರುಗದೆ, “ಮೂರನೇ ಮಾಫಿ ಯಾವ ಭಾಷೆಯದ್ದು?” ಎಂದು ಕೇಳಿದಳು.

ಅವನು ಖಾಲಿ ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟ.

“ನೀನು ಸ್ಪೆಲ್ಲಿಂಗ್ ಕೇಳಿದ್ದು ಯಾಕೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು, ಜೋಸ್. ಒಂದು ಅಕ್ಷರ ತಪ್ಪು ಹೇಳುವ ಅಂತ ಇತ್ತು. ಹೇಳ್ಲಿಲ್ಲ.” ತಟ್ಟೆಯಲ್ಲಿ ಒಂದೊಂದೇ ಸಣ್ಣ ಜೋಡಿಸಿದಳು. “ಆಮೇಲೆ ನಾನೂ ಓದಿದೆ. ಇಡೀ ಪತ್ರ ಸರಿ ಇತ್ತು. ಶಾಲೆಯ ವಿಷಯ ಸರಿ. ಆ ಒಂದು ಗೆರೆ ಯಾಕೆ ಬರೆದೆ?”

“ಅದರಿಂದಲೇ ಆಯ್ತು ಅಂತ ಗೊತ್ತಿಲ್ಲ.”

“ಗೊತ್ತಿಲ್ಲ. ಆದ್ರೂ ನೀನು ಕೆಳಗೆ ಹೇಳಿದಿ. ಅವರಿಗೆ ತಾಗ್ಲಿಲ್ಲ.” ಬಿಸಿ ತಟ್ಟೆಯನ್ನು ಅವನ ಕೈಗೆ ಕೊಟ್ಟಳು. “ಕೊಂಕಣಿಯಲ್ಲಿ ಹೇಳು.”

ಹಾಲಿನಿಂದ ಸಿರಿಲ್ ಕೂಗಿದ: “ಇಲ್ಲಿ ಸಣ್ಣ ಮಾಫಿ!” ಮತ್ತೆ ನಗು. ಜೋಸ್ಟನ್ ತಟ್ಟೆ ಹಿಡಿದು ಹಾಲಿನ ಬಾಗಿಲಲ್ಲಿ ನಿಂತ. ಕೊಂಕಣಿಯಲ್ಲಿ ಅದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ಪದ. ಅದನ್ನು ದೇವರಿಗಲ್ಲದೆ ಇನ್ನೊಬ್ಬರಿಗೆ ಹೇಳಿದವರನ್ನು ಅವನು ಕಂಡಿರಲಿಲ್ಲ. ಹೇಳಿದರೆ ಅದು ಪ್ರಾರ್ಥನೆಯಾಗುತ್ತದೆಯೇ, ಹೇಳದಿದ್ದರೆ ಏನಾಗುತ್ತದೆ, ಒಂದೂ ತಿಳಿಯಲಿಲ್ಲ. ತಟ್ಟೆಯ ಬಿಸಿ ಬೆರಳಿಗೆ ತಾಗುತ್ತಿತ್ತು. ಅವನು ಸಿರಿಲ್‌ನ ಎದುರು ಮಂಡಿಯೂರಿದ, ತಟ್ಟೆ ಇಡಲೆಂದೇ ಮಂಡಿಯೂರಿದ್ದು. ಮುಖ ಎತ್ತಿ ನೋಡಿ, “ಸಿರಿಲಾಬ್,” ಎಂದ. “ಆ ಶಾಲೆಯ ಪತ್ರ ನಾನು ಬರೆದದ್ದು. ಇಲ್ಲಿನ ತೇರ್ಸಿನ ವಿಷಯ ಅದರಲ್ಲಿತ್ತು.” ಆಮೇಲೆ, “ಭೊಗ್ಶಿ,” ಎಂದ.

ಸಿರಿಲ್‌ನ ಕೈ ತುತ್ತಿನೊಂದಿಗೆ ನಡುವಿನಲ್ಲೇ ನಿಂತಿತು. ಅವನ ಹೆಂಡತಿ ಉಸಿರು ಒಳಗೆಳೆದುಕೊಂಡಳು. ಯಾರೂ ಏನೂ ಹೇಳದ ಆ ಸಂದಿಯಲ್ಲಿ, ಬೆಳಗಿನಿಂದ ಆ ಒಂದು ಪದದ ಆಚೆ ದಾಟಲಾಗದೆ ಒದ್ದಾಡಿದ್ದ ಕ್ರಿಸ್ಟಲ್‌ಗೆ ಇದ್ದಕ್ಕಿದ್ದಂತೆ ಮುಂದಿನದು ನೆನಪಾಗಿ, ಅಪ್ಪ ಹೇಳಿದಲ್ಲಿಂದಲೇ ಎತ್ತಿಕೊಂಡು ಗಟ್ಟಿಯಾಗಿ ಹೇಳುತ್ತ ಹೋದಳು. ಸಿರಿಲ್‌ನ ಮಕ್ಕಳು ಅಭ್ಯಾಸದ ಬಲದಿಂದ ದನಿಗೂಡಿಸಿದರು. ಅಡಿಗೆಮನೆಯ ಬಾಗಿಲಿನಿಂದ ಪ್ರೆಸಿಲ್ಲಾಳ ದನಿಯೂ ಬಂತು, ಸಣ್ಣದಾಗಿ. ಜೋಸ್ಟನ್ ತಟ್ಟೆಯ ಅಂಚು ಹಿಡಿದುಕೊಂಡು ಮಂಡಿಯ ಮೇಲೆಯೇ ಇದ್ದ. ತನ್ನ ತುಟಿ ಅಲ್ಲಾಡುತ್ತಿದೆಯೇ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಆಮೆನ್‌ಗೆ ಬಂದು ಮುಟ್ಟಿದರು.

ಸಿರಿಲ್ ತುತ್ತನ್ನು ತಟ್ಟೆಗೆ ಹಾಕಿದ. ಜೋಸ್ಟನ್‌ನ ಮುಖ ನೋಡಲಿಲ್ಲ. ಎದ್ದು, ಎಡಗೈಯಿಂದ ಹೊರಬಾಗಿಲು ತೆರೆದು, ಮೆಟ್ಟಿಲ ಕಡೆ ಒಮ್ಮೆ ಬಗ್ಗಿ ನೋಡಿ, ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಒಂದೊಂದೇ ಜೊತೆಯಾಗಿ ಒಳಗೆ ತಂದು ಗೋಡೆಯ ಬದಿಗೆ ಇಡತೊಡಗಿದ. ಹೆಂಗಸರದು, ಮಕ್ಕಳದು, ತನ್ನದು. ಕೊನೆಗೆ ಜೋಸ್ಟನ್‌ನ ಶೂಗಳು ಮಾತ್ರ ಉಳಿದವು. ಅವುಗಳ ಮುಂದೆ ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ಬಗ್ಗಿ ಅವುಗಳನ್ನೂ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದ.